ಸೇತುವೆಯ ಮೇಲಣ ಅಡ್ಡಗಾಳಿ

ಮಳೆಗಾಲ ಬಂತೆಂದರೆ ಮುಂಬಯಿಯಲ್ಲಿ ನಾವೆಲ್ಲ ಹೆದರುವುದು ನೀರಿಗೆ. ಗಾಳಿಯನ್ನು ಲೆಕ್ಕಕ್ಕೆ ತರುವವರು ಕಡಿಮೆ. ಆದರೆ 2009ರಲ್ಲಿ ತೆರೆದ ಬಾಂದ್ರಾ–ವರ್ಲಿ ಸಮುದ್ರಸೇತುವೆಯನ್ನು ಏರಿದೊಡನೆ ಗಾಳಿಯೇ ಯಜಮಾನ. ವರ್ಲಿಯಿಂದ ಬಾಂದ್ರಾ ಕಡೆಗೆ ಹೊರಟರೆ ಎಡಕ್ಕೆ ತೆರೆದ ಅರಬ್ಬೀ ಸಮುದ್ರ. ಅಲ್ಲಿಂದ ಬೀಸುವ ಗಾಳಿ ಕಾರನ್ನು ಬಲಕ್ಕೆ ನೂಕುತ್ತದೆ. ನಾವು ಅರಿವಿಲ್ಲದೆಯೇ ಸ್ಟಿಯರಿಂಗನ್ನು ತುಸು ಎಡಕ್ಕೆ ಹಿಡಿದಿರುತ್ತೇವೆ. ಎಡಗಡೆ ಎತ್ತರದ ಬಸ್ಸೊಂದು ಮರೆಯಾಯಿತೋ, ಗಾಳಿ ತಟ್ಟನೆ ನಿಂತು ಕಾರು ಬಸ್ಸಿನತ್ತ ಸರಿಯುತ್ತದೆ. ಬಸ್ಸನ್ನು ದಾಟಿದೊಡನೆ ಮತ್ತೆ ಬಲಕ್ಕೆ ಏಟು!

ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿ. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವಂತೂ ಸಮುದ್ರದ ಮೇಲೆಯೇ 16 ಕಿಲೋಮೀಟರಿಗೂ ಮಿಕ್ಕಿ ಸಾಗುತ್ತದೆ. ಶಿವಡಿಯಲ್ಲಿ ಅದನ್ನು ಹತ್ತಿ ಊರ ಹಾದಿ ಹಿಡಿಯುವ ಕುಟುಂಬಗಳು ನಮ್ಮಲ್ಲಿಯೂ ಉಂಟು. ಕಾರಿನ ನೆತ್ತಿಯ ಮೇಲೆ ಗಂಟುಮೂಟೆ ಕಟ್ಟಿದರೆ ಗಾಳಿಗೆ ಅಷ್ಟು ಹೆಚ್ಚು ಹಿಡಿತ, ಸಾಮಾನು ಡಿಕ್ಕಿಯಲ್ಲಿರಲಿ. ವೇಗ ಹೆಚ್ಚಿದಷ್ಟೂ, ತಿದ್ದಿಕೊಳ್ಳುವುದರೊಳಗೆ ಕಾರು ಹೆಚ್ಚು ದೂರ ಸರಿದಿರುತ್ತದೆ. ಆದ್ದರಿಂದ ನಿಧಾನವಾಗಿ, ಎರಡೂ ಕೈಗಳಿಂದ ಸ್ಟಿಯರಿಂಗ್ ಹಿಡಿದು, ಸ್ವಲ್ಪಸ್ವಲ್ಪವೇ ತಿದ್ದುತ್ತ ಸಾಗೋಣ. ಬ್ರೇಕನ್ನು ಒಮ್ಮೆಲೇ ಒತ್ತುವುದು ಬೇಡ.

ರಜೆ ಮಂಜೂರಾದ ಉತ್ಸಾಹ ಎಲ್ಲರಿಗೂ ಇದ್ದದ್ದೇ. ಆದರೆ ಹಿಂದಿನ ಸೀಟಿನಲ್ಲಿ ಅಜ್ಜಿ ಮೊಮ್ಮಕ್ಕಳಿರುವಾಗ ಹತ್ತು ನಿಮಿಷ ತಡವಾದರೆ ನಷ್ಟವೇನು? ಊರು ಎಲ್ಲಿಗೂ ಓಡಿಹೋಗುವುದಿಲ್ಲ.