ದೇವಾಸದ ತೊಟ್ಟಿಲು

ಇಂದೂರನ್ನು ಬಿಟ್ಟು ಹಳೆಯ ಮುಂಬಯಿ–ಆಗ್ರಾ ಹೆದ್ದಾರಿಯಲ್ಲಿ ಒಂದು ಗಂಟೆಯ ಪ್ರಯಾಣ ಮಾಡಿದರೆ ದೇವಾಸ್ ಪಟ್ಟಣ ಸಿಗುತ್ತದೆ. ಊರಿಗಿಂತ ಮೊದಲು ಪ್ರವಾಸಿಗನನ್ನು ಸ್ವಾಗತಿಸುವುದು ಅಲ್ಲಿಯ ಗುಡ್ಡ. ಮಾಳವದ ವಿಶಾಲವಾದ ಬಯಲಿನಲ್ಲಿ, ಯಾರೋ ತಂದಿಟ್ಟು ಮರೆತುಹೋದ ಧಾನ್ಯದ ರಾಶಿಯಂತೆ, ಅದು ಒಂಟಿಯಾಗಿ ನಿಂತಿದೆ. ಎತ್ತರ ಸುಮಾರು 300 ಅಡಿಯಷ್ಟೇ; ಆದರೆ ಸುತ್ತಲೂ ಸಮನೆಲವಿರುವುದರಿಂದ ಅದಕ್ಕೊಂದು ಪರ್ವತದ ಗಾಂಭೀರ್ಯವೇ ಬಂದಿದೆ. ಊರವರ ಬಾಯಲ್ಲಿ ಅದು ‘ಟೇಕ್ರಿ’. ಅದರ ಮೇಲೆ ತುಳಜಾಭವಾನಿ ಮತ್ತು ಚಾಮುಂಡಾ ದೇವಿಯರ ಗುಡಿಗಳಿವೆ. ಒಬ್ಬಳು ದೊಡ್ಡ ತಾಯಿ, ಇನ್ನೊಬ್ಬಳು ಚಿಕ್ಕ ತಾಯಿ. ಮೆಟ್ಟಿಲು ಹತ್ತಲಾರದವರಿಗೆ ಈಗ ರೋಪ್‌ವೇ ಕೂಡ ಇದೆ.

ದೇವಿಯರು ಇಬ್ಬರಿದ್ದಂತೆ ಒಂದು ಕಾಲಕ್ಕೆ ಈ ಸಣ್ಣ ಊರಿಗೆ ರಾಜರೂ ಇಬ್ಬರಿದ್ದರು. ಮರಾಠಾ ಪವಾರ ಮನೆತನದ ಎರಡು ಶಾಖೆಗಳು ‘ಹಿರಿಯ ದೇವಾಸ್’, ‘ಕಿರಿಯ ದೇವಾಸ್’ ಎಂದು ಒಂದೇ ಊರನ್ನು ಹಂಚಿಕೊಂಡು ಆಳಿದವು. 1921ರಲ್ಲಿ ಹಿರಿಯ ಸಂಸ್ಥಾನದ ಮಹಾರಾಜರಿಗೆ ಕಾರ್ಯದರ್ಶಿಯಾಗಿದ್ದ ಆಂಗ್ಲ ಕಾದಂಬರಿಕಾರ ಇ. ಎಂ. ಫಾರ್‌ಸ್ಟರ್ 1953ರಲ್ಲಿ ಪ್ರಕಟಿಸಿದ ‘ದಿ ಹಿಲ್ ಆಫ್ ದೇವಿ’ ಎಂಬ ಪುಸ್ತಕದಿಂದ ಈ ವಿಚಿತ್ರ ಸಂಸಾರದ ಕಥೆ ಜಗತ್ತಿಗೆ ತಿಳಿಯಿತು. ಇಂದು ರಾಜರ ಆಳ್ವಿಕೆಯಿಲ್ಲ. ಕಾರ್ಖಾನೆಗಳೂ ಸರ್ಕಾರದ ನೋಟು ಮುದ್ರಣಾಲಯವೂ ಇವೆ. ಆದರೆ ಕನ್ನಡನಾಡಿನ ಸಂಗೀತಪ್ರಿಯರು ಈ ಊರಿನ ಹೆಸರನ್ನು ಕೇಳಿದೊಡನೆ ನೆನೆಯುವುದು ನೋಟನ್ನಲ್ಲ, ರಾಜರನ್ನೂ ಅಲ್ಲ. ಟೇಕ್ರಿಯ ಬುಡದಲ್ಲಿರುವ ‘ಭಾನುಕುಲ’ವೆಂಬ ಮನೆಯನ್ನು.

ಅದು ಕುಮಾರ ಗಂಧರ್ವರ ಮನೆ. ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿ ಎಂಬ ಹುಡುಗ, ಬಾಲ್ಯದಲ್ಲಿಯೇ ದೊಡ್ಡ ದೊಡ್ಡ ಗಾಯಕರ ಹಾಡಿಕೆಯನ್ನು ಕೇಳಿದಂತೆಯೇ ಹಾಡಿ ತೋರಿಸಿ, ‘ಕುಮಾರ ಗಂಧರ್ವ’ನೆಂಬ ಬಿರುದನ್ನೇ ಹೆಸರಾಗಿ ಪಡೆದನು. ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಶಿಕ್ಷಣವಾಯಿತು. 1947ರಲ್ಲಿ ಗಾಯಕಿ ಭಾನುಮತಿಯವರೊಡನೆ ವಿವಾಹವೂ ಆಯಿತು. ಅಷ್ಟರಲ್ಲಿ ಕ್ಷಯರೋಗ ಬಂದು ಎದೆಯಲ್ಲಿ ಕುಳಿತಿತು. ಒಣಹವೆಯೇ ಮದ್ದೆಂದು ವೈದ್ಯರು ಹೇಳಿದರು. ಸಮುದ್ರಮಟ್ಟದಿಂದ 500 ಮೀಟರಿಗೂ ಮಿಕ್ಕ ಎತ್ತರದ ಮಾಳವದ ಪ್ರಸ್ಥಭೂಮಿಗೆ, ಈ ದೇವಾಸಕ್ಕೆ, ದಂಪತಿಗಳು 1948ರಲ್ಲಿ ಬಂದಿಳಿದರು. ಪತಿಗೆ ಆಗ ಇಪ್ಪತ್ತನಾಲ್ಕೂ ತುಂಬಿರಲಿಲ್ಲ. ಹಾಡಕೂಡದು ಎಂಬುದು ವೈದ್ಯರ ಕಟ್ಟಪ್ಪಣೆ. ಭಾನುಮತಿಯವರು ಶಾಲೆಯಲ್ಲಿ ಪಾಠ ಹೇಳಿ ಮನೆಯನ್ನು ನಡೆಸಿದರು. ಮನೆಗೆ ಬಂದು ರೋಗಿಯ ಶುಶ್ರೂಷೆ ಮಾಡಿದರು.

ಹಾಡಲಾರದವನಿಗೆ ಉಳಿಯುವುದು ಕೇಳುವ ಕೆಲಸವೊಂದೇ. ಹಾಸಿಗೆಯ ಮೇಲೆ ಮಲಗಿದ್ದ ಕುಮಾರರ ಕಿವಿಗೆ ದಾರಿಯಲ್ಲಿ ಹೋಗುವ ಸಾಧುಗಳ ನಿರ್ಗುಣ ಪದಗಳು ಬಿದ್ದವು; ಮಾಳವದ ಹೆಂಗಸರ ಹಾಡುಗಳು ಬಿದ್ದವು. ಹಬ್ಬಕ್ಕೆ, ಮದುವೆಗೆ, ಮಳೆಗೆ, ಮಗು ಹುಟ್ಟಿದ್ದಕ್ಕೆ, ಹೀಗೆ ಬದುಕಿನ ಒಂದೊಂದು ಮಜಲಿಗೂ ಅಲ್ಲಿ ಒಂದೊಂದು ಧಾಟಿಯಿದೆ. ರಾಗಗಳ ಬೇರು ಇರುವುದು ಇಂಥ ಧಾಟಿಗಳಲ್ಲಿಯೇ ಎಂಬ ಅರಿವು ಆ ಮೌನದ ವರ್ಷಗಳಲ್ಲಿ ಅವರಲ್ಲಿ ಬಲಿಯಿತು. ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧವೂ ಹೆಂಡತಿಯ ಆರೈಕೆಯೂ ಸೇರಿ ಕಾಯಿಲೆಯನ್ನು ಹಿಮ್ಮೆಟ್ಟಿಸಿದವು. 1953ರ ಹೊತ್ತಿಗೆ ಕುಮಾರರು ಮತ್ತೆ ಕಛೇರಿಗೆ ಕುಳಿತರು. ಒಂದು ಶ್ವಾಸಕೋಶ ಕೆಟ್ಟುಹೋಗಿತ್ತು. ಉಳಿದ ಉಸಿರಿಗೆ ತಕ್ಕಂತೆ ಅವರ ಗಾಯನವು ಚಿಕ್ಕ ಚಿಕ್ಕ, ಚುರುಕಾದ ಸ್ವರಗುಚ್ಛಗಳಾಗಿ ಹೊಸ ರೂಪವನ್ನು ತಾಳಿತು.

ಮೂರು ವರ್ಷಗಳ ತರುವಾಯ, 1956ರಲ್ಲಿ, ಹಿರಿಯ ಮಗ ಮುಕುಲನ ಜನನವಾಯಿತು. ಅಂದಿನ ದಿನಗಳಲ್ಲಿ ಕ್ಷಯದ ಮನೆಯೆಂದರೆ ನೆರೆಹೊರೆಯವರು ತಮ್ಮ ಮಕ್ಕಳನ್ನು ದೂರವಿರಿಸುತ್ತಿದ್ದ ಮನೆ. ಅಂಥ ಮನೆಯಲ್ಲಿ ತೊಟ್ಟಿಲು ಕಟ್ಟುವುದೆಂದರೇನು ಎಂಬುದನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಈ ಹೊಸ ತಂದೆಯ ಸುತ್ತ ಇದ್ದ ಸ್ನೇಹವೃಂದವೂ ಸಾಮಾನ್ಯವಾದುದಲ್ಲ. ಇಂದೂರಿನ ‘ನಯೀ ದುನಿಯಾ’ ಪತ್ರಿಕೆಯ ಸಂಪಾದಕ ರಾಹುಲ ಬಾರಪುತೆ, ಚಿತ್ರಕಾರ ವಿಷ್ಣು ಚಿಂಚಾಳಕರ್, ರಂಗಭೂಮಿಯ ಬಾಬಾ ಡಿಕೆ ಅವರ ಅಂತರಂಗದ ಗೆಳೆಯರು. ರಸಿಕರಲ್ಲಿ ರಸಿಕರೆನಿಸಿದ ರಾಮೂಭಯ್ಯಾ ದಾತೆ ಇಂದೂರಿನವರೇ. ಮರಾಠಿಯ ನಗೆಬರಹಗಾರ ಪು. ಲ. ದೇಶಪಾಂಡೆ ದೂರದಲ್ಲಿದ್ದರೂ ಈ ಬಳಗಕ್ಕೆ ಸೇರಿದವರೇ. ದೇವಾಸದಲ್ಲಿಯೇ 1959ರವರೆಗೆ ವೃದ್ಧ ಉಸ್ತಾದ್ ರಜಬ್ ಅಲಿ ಖಾನರೂ ಇದ್ದರು. ಇರುಳಿನ ತಂಪಿಗೆ ಹೆಸರಾದ ಸೀಮೆ ಮಾಳವ. ಕಾಶಿಯ ಬೆಳಗು, ಅವಧದ ಸಂಜೆ, ಮಾಳವದ ರಾತ್ರಿ ಎಂದು ಉತ್ತರದ ಜನ ಹೊಗಳುವುದುಂಟು. ಅಂಥ ರಾತ್ರಿಗಳು ಸಂಗೀತಗಾರನ ಗೆಳೆಯರಿಗೆಷ್ಟು ಪ್ರಿಯವೋ ಎಳೆಗೂಸಿನ ತಾಯಿಗೆ ಅಷ್ಟೇ ಕಠಿಣ. ಹಾಡುಗಾರನ ಮನೆಯ ಮಗು ತಂಬೂರಿಯ ನಾದಕ್ಕೆ ಮಲಗಲು ಕಲಿಯಬೇಕು. ಹಾಡುಗಾರ ಮಗುವಿನ ಅಳುವಿಗೆ ಏಳಲು ಕಲಿಯಬೇಕು.

ಇಲ್ಲಿ ಇನ್ನೊಂದು ಮಾತಿದೆ. ನಮ್ಮಲ್ಲಿಯೂ ಮಾಳವದಲ್ಲಿಯೂ ತೊಟ್ಟಿಲ ಹಾಡು ಹೆಂಗಸರ ಸೊತ್ತು. ಸುಳೇಭಾವಿಯ ಸೀಮೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮುತ್ತೈದೆಯರು ಸುತ್ತಲೂ ನಿಂತು ಹಾಡಿ ಹೆಸರಿಡುತ್ತಾರೆ. ಉತ್ತರದಲ್ಲಿ ಬಾಣಂತಿಯ ಕೋಣೆಯ ಹೊರಗೆ ‘ಬಧಾವಾ’ ಹಾಡುತ್ತಾರೆ. ಗಂಡಸರ ಖಯಾಲಿನಲ್ಲಿ ಪುತ್ರೋತ್ಸವದ ಚೀಜುಗಳಿದ್ದರೂ ಅವೂ ಹೆಂಗಸರ ಬಾಯಿಯ ಮಾತುಗಳೇ. ಹುಟ್ಟಿನ ಮನೆಯಲ್ಲಿ ತಂದೆ ಹೊಸ್ತಿಲಿನಾಚೆಯ ಶ್ರೋತೃ ಮಾತ್ರ. ಕುಮಾರ ಗಂಧರ್ವರಾದರೋ ಆ ಹಾಡುಗಳ ಮುಂದೆ ಶಿಷ್ಯನಂತೆ ಕುಳಿತವರು. ಮಾಳವದ ಲೋಕಧಾಟಿಗಳನ್ನು ಕಲೆಹಾಕಿ ಕಛೇರಿಯ ವೇದಿಕೆಗೆ ತಂದರು. ಅವುಗಳಿಂದ ಹೊಸ ರಾಗಗಳನ್ನೇ ರೂಪಿಸಿದರು. 1965ರಲ್ಲಿ ಹೊರಬಂದ ‘ಅನೂಪರಾಗವಿಲಾಸ’ ಗ್ರಂಥದಲ್ಲಿ ಅವರ ರಚನೆಗಳಿವೆ.

ಆದರೆ ಹುಟ್ಟಿನ ಹಾಡು ಎಲ್ಲ ಸಲವೂ ಮಂಗಳದಲ್ಲಿಯೇ ಮುಗಿಯುವುದಿಲ್ಲ. 1961ರಲ್ಲಿ ಎರಡನೆಯ ಮಗನ ಹೆರಿಗೆಯಲ್ಲಿ ಭಾನುಮತಿಯವರು ತೀರಿಕೊಂಡರು. ಗಂಡನನ್ನು ಮೃತ್ಯುವಿನ ಬಾಯಿಂದ ಎಳೆದು ತಂದವಳು ತಾನೇ ಅದಕ್ಕೆ ತುತ್ತಾದಳು. ಒಂದೇ ದಿನ ಕುಮಾರರು ಮತ್ತೊಮ್ಮೆ ತಂದೆಯೂ ಆದರು, ವಿಧುರನೂ ಆದರು. ಒಂದು ಕಡೆ ಎಳೆಗೂಸು. ಇನ್ನೊಂದು ಕಡೆ ಐದು ವರ್ಷದ ಬಾಲಕ.

ಆಗ ಆ ಮನೆಗೆ ಆಸರೆಯಾಗಿ ಬಂದವರೂ ಸಂಗೀತದ ಬಳಗದವರೇ. ದೇವಧರರ ಶಾಲೆಯಲ್ಲಿ ಕಲಿತಿದ್ದ ವಸುಂಧರಾ ಶ್ರೀಖಂಡೆಯವರು ಮರುವರ್ಷ ಕುಮಾರರ ಕೈಹಿಡಿದರು. ತಾವೂ ಶ್ರೇಷ್ಠ ಗಾಯಕಿಯಾಗಿದ್ದ ಅವರು ಪತಿಯೊಡನೆ ವೇದಿಕೆಯಲ್ಲಿ ದನಿಗೂಡಿಸಿದರು. 2006ರಲ್ಲಿ ಪದ್ಮಶ್ರೀಯನ್ನು ಪಡೆದು 2015ರಲ್ಲಿ ಕಣ್ಮುಚ್ಚಿದರು. ಮನೆಯ ಹೆಸರಿನಲ್ಲಿ ಮಾತ್ರ ಭಾನುಮತಿಯವರ ಹೆಸರೇ ನಿಂತಿದೆ.

ಆ ಮನೆಯ ಮಕ್ಕಳು ಹಾಡಿದರು. ಮುಕುಲ ಶಿವಪುತ್ರರು ತಂದೆಯ ಬಳಿ ಕಲಿತು, ಕೆ. ಜಿ. ಗಿಂಡೆಯವರಲ್ಲಿ ಧ್ರುಪದವನ್ನೂ ಎಂ. ಡಿ. ರಾಮನಾಥನ್ ಅವರಲ್ಲಿ ಕರ್ನಾಟಕ ಸಂಗೀತವನ್ನೂ ಅಭ್ಯಸಿಸಿದರು. ಮಗಳು ಕಲಾಪಿನಿ, ಮುಕುಲರ ಮಗ ಭುವನೇಶ ಇಬ್ಬರೂ ಹೆಸರಾದ ಗಾಯಕರು. ಕುಮಾರ ಗಂಧರ್ವರು 1990ರಲ್ಲಿ ಪದ್ಮವಿಭೂಷಣದ ಗೌರವವನ್ನು ಪಡೆದು, 1992ರ ಜನವರಿ 12ರಂದು ದೇವಾಸದಲ್ಲಿಯೇ ತೀರಿಕೊಂಡರು.

ಮಾಳವಕ್ಕೆ ಹೋದವರು ಉಜ್ಜಯಿನಿಯ ಮಹಾಕಾಲನ ದರ್ಶನವನ್ನು ತಪ್ಪಿಸುವುದಿಲ್ಲ. ಅಲ್ಲಿಂದ ದೇವಾಸ್ ಬಹು ದೂರವೇನೂ ಅಲ್ಲ. ಸಂಜೆಯ ವೇಳೆಗೆ ಟೇಕ್ರಿಯನ್ನು ಏರಿ ನಿಂತರೆ ಕೆಳಗೆ ಊರೆಲ್ಲ ಅಂಗೈಯಗಲವಾಗಿ ಕಾಣುತ್ತದೆ. ಮಗುವಿನ ಹರಕೆ ಹೊತ್ತು ಬಂದ ತಾಯಂದಿರು ಮೆಟ್ಟಿಲುಗಳನ್ನು ಹತ್ತುತ್ತಿರುತ್ತಾರೆ. ಅವರ ಹಿಂದೆಯೇ ಕೂಸನ್ನು ಹೆಗಲಿಗೆ ಹಾಕಿಕೊಂಡು ಏದುಸಿರು ಬಿಡುತ್ತ ಬರುವ ತಂದೆಯರೂ ಅಲ್ಲಿ ಕಾಣಸಿಗುತ್ತಾರೆ.