ಕತ್ತರಿ ಆಡಿದ ಅಂಚು

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ನಾನೂ ಚಿಕ್ಕಮ್ಮನೂ ನುಗ್ಗಿದ್ದು ಮಳೆಯಿಂದ ತಪ್ಪಿಸಿಕೊಳ್ಳೋದಕ್ಕೆ. ಟಿಕೆಟ್ಟಿನ ಗೊಡವೆಯಿಲ್ಲ, ಒಳಗೆ ಬೆಚ್ಚಗೆ. ಚಿಕ್ಕಮ್ಮ ಊರಲ್ಲಿ ಬಟ್ಟೆ ಹೊಲಿದೇ ಮಕ್ಕಳನ್ನು ಓದಿಸಿದವರು. ಬೆಳ್ಳಿ ಪಾತ್ರೆ, ಅಮೃತಶಿಲೆ ಎಲ್ಲ ದಾಟಿಕೊಂಡು ಹೋಗಿ ಈಜಿಪ್ಟಿನ ಒಂದು ಬಟ್ಟೆ ತುಂಡಿನ ಮುಂದೆ ನಿಂತರು.

ಅಂಗೈಗಿಂತ ತುಸು ದೊಡ್ಡ ವೃತ್ತ. ಲಿನನ್ ಹಾಸುನೂಲಿಗೆ ಉಣ್ಣೆಯ ಹೊಕ್ಕು ಕೊಟ್ಟು ನೇಯ್ದದ್ದು. ನೇರಳೆ ನೆಲ, ಅದರ ಮೇಲೆ ಬಿಳಿಯ ಕುದುರೆ ಸವಾರ, ಸುತ್ತ ಬಳ್ಳಿ. ಸುಮಾರು 1,500 ವರ್ಷ ಹಳೆಯದು. ನನ್ನ ಕಣ್ಣು ಸವಾರನ ಮೇಲೆ, ಅವರದು ಅಂಚಿನ ಮೇಲೆ.

"ಇದು ಹರಿದಿದ್ದಲ್ಲ ಕಣೇ, ಕತ್ತರಿ ಆಡ್ಸಿರೋದು. ಹರಿದಿದ್ರೆ ದಾರ ಹಿಂಜಿಕೊಂಡಿರೋದು."

ನಿಜವೇ. ಮಮ್ಮಿ ಮಾಡುವ ಪದ್ಧತಿ ನಿಂತ ಮೇಲೆ ಅಲ್ಲಿಯವರು ಸತ್ತವರನ್ನು ಅವರದೇ ಉಡುಪಿನಲ್ಲಿ ಹೂಳತೊಡಗಿದರು. ಮರಳು ಒಣಕಲು, ಬಟ್ಟೆ ಕೊಳೆಯಲಿಲ್ಲ. 1880ರ ದಶಕದಲ್ಲಿ ಈಜಿಪ್ಟಿನ ಅಖ್ಮೀಮ್ ಎಂಬ ಊರಿನ ಸಮಾಧಿಗಳನ್ನು ಅಗೆದಾಗ ಅಂಗಿಗಳೇ ಅಂಗಿಗಳು. ಆದರೆ ಯೂರೋಪಿನ ಸಂಗ್ರಹಕಾರರಿಗೆ ಬೇಕಾಗಿದ್ದದ್ದು ಚಿತ್ತಾರ ಮಾತ್ರ. ವ್ಯಾಪಾರಿಗಳು ಬಣ್ಣದ ವೃತ್ತ, ಪಟ್ಟಿಗಳನ್ನು ಕತ್ತರಿಸಿ ಮಾರಿದರು. ಬಣ್ಣವಿಲ್ಲದ ಲಿನನ್ನಿಗೆ ಬೆಲೆ ಕಟ್ಟುವವರಿರಲಿಲ್ಲ. ಒಂದೇ ಅಂಗಿಯ ತುಂಡುಗಳು ಬೇರೆ ಬೇರೆ ದೇಶಗಳ ಪಾಲಾದವು.

ಇದನ್ನೆಲ್ಲ ಹೇಳುತ್ತ ನೇರಳೆಯ ವಿಷಯವೂ ಬಂತು. ಕಡಲ ಶಂಖದಿಂದ ತೆಗೆಯುವ ನೇರಳೆ ಬಲು ದುಬಾರಿ. ಹಾಗಾಗಿ ಮಂಜಿಷ್ಠದ ಕೆಂಪಿಗೆ ನೀಲಿ ಕೂಡಿಸಿ ಅದೇ ಛಾಯೆ ತರುತ್ತಿದ್ದರು ಅಂದೆ.

"ಆಗ್ಲೂ ಡೂಪ್ಲಿಕೇಟ್ ಇತ್ತಾ!" ಚಿಕ್ಕಮ್ಮ ನಕ್ಕರು. ಮತ್ತೆ ಗಂಭೀರವಾಗಿ ಕೇಳಿದರು: "ಅಂಗಿ ಹೇಗಿತ್ತು?"

ಕೈಯಲ್ಲಿದ್ದ ಮ್ಯೂಸಿಯಮ್ಮಿನ ನಕಾಶೆಯ ಹಿಂಬದಿಯಲ್ಲಿ ಬರೆದು ತೋರಿಸಿದೆ. ಆ ಕಾಲದ ಎಷ್ಟೋ ಅಂಗಿಗಳನ್ನು ಮಗ್ಗದ ಮೇಲೆಯೇ ಆಕಾರಕ್ಕೆ ತರುತ್ತಿದ್ದರು. ಒಂದು ತೋಳಿನಿಂದ ಶುರು, ನಡುವೆ ಮೈ, ಕೊನೆಗೆ ಇನ್ನೊಂದು ತೋಳು. ಕತ್ತಿನ ಸೀಳನ್ನೂ ನೇಯುವಾಗಲೇ ಬಿಡುತ್ತಿದ್ದರು. ಭುಜದ ಮೇಲೆ, ಕೆಳಗೆ ಅಂಚಿನ ಹತ್ತಿರ ಇಂಥ ವೃತ್ತಗಳು. ಮಗ್ಗದಿಂದ ಇಳಿಸಿ, ಮಡಚಿ, ಪಕ್ಕಕ್ಕೆ ಹೊಲಿಗೆ ಹಾಕಿದರೆ ಅಂಗಿ ಸಿದ್ಧ.

ಚಿಕ್ಕಮ್ಮ ಚಿತ್ರದ ಮೇಲೆ ಬೆರಳಾಡಿಸುತ್ತ ಲೆಕ್ಕ ಹಾಕಿದರು. ಜೀವಮಾನವಿಡೀ ಕತ್ತರಿ ಹಿಡಿದವರ ಸಿಟ್ಟು ಆಗ ಬಂತು:

"ಅಂದ್ರೆ ನೇಯ್ದೋರು ಇದಕ್ಕೆ ಕತ್ತರೀನೇ ಮುಟ್ಸಿರ್ಲಿಲ್ಲ. ಮೊದಲ್ನೇ ಕತ್ತರಿ ಮಾರೋರದ್ದು."