ಕರ್ನಾಳಕ್ಕೆ ಹೊರಡುವ ಮುನ್ನ



ನಿಮ್ಮಲ್ಲಿ ಅನೇಕರು ಡೊಂಬಿವಲಿ, ಕಲ್ಯಾಣ, ಠಾಣೆಗಳಲ್ಲೇ ಹುಟ್ಟಿ ಬೆಳೆದವರು. ಕಾಡು ಎಂದರೆ ರಜೆಯಲ್ಲಿ ಊರಿಗೆ ಹೋದಾಗ ನೋಡುವಂಥದ್ದು ಎಂದು ತಿಳಿದಿದ್ದೀರಿ. ಆದರೆ ಲೋಕಲ್ ಹಿಡಿದು ಹೋಗಿ ಸಂಜೆಯೊಳಗೆ ಮರಳಬಹುದಾದ ಕಾಡೊಂದು ನಮಗೂ ಇದೆ. ಪನವೇಲಿನಾಚೆ, ಗೋವಾ ಹೆದ್ದಾರಿಯ ಮಗ್ಗುಲಲ್ಲಿರುವ ಕರ್ನಾಳ ಪಕ್ಷಿಧಾಮ. 1968ರಿಂದ ರಕ್ಷಿತವಾದ ಇದರ ವಿಸ್ತಾರ ಈಗ ಸುಮಾರು 12 ಚದರ ಕಿಲೋಮೀಟರ್ ಮಾತ್ರ. ನಡುವೆ ಗುಡ್ಡ, ಗುಡ್ಡದ ಮೇಲೆ ಹಳೆಯ ಕೋಟೆ, ಕೋಟೆಯೊಳಗೆ ಹೆಬ್ಬೆರಳಿನಂತೆ ನಿಂತ ದೊಡ್ಡ ಕಲ್ಲಿನ ಕಂಬ.

ನನ್ನ ತವರು ದಾಂಡೇಲಿ. ಕಾಡು ನನಗೇನು ಹೊಸದೇ ಎಂಬ ಜಂಬದಿಂದ ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ ಮೂವರು ಗೆಳತಿಯರನ್ನು ಹೊರಡಿಸಿದೆ. ಮಗ ಕಾರು ಗೊತ್ತು ಮಾಡುತ್ತೇನೆಂದ. "ನಮಗೇನು ಕೈಕಾಲಿಲ್ಲವೇ?" ಎಂದೆ. ತಲಾ ಒಂದು ಲೀಟರ್ ನೀರು ಒಯ್ದಿದ್ದೆವು. ಹತ್ತೂವರೆಗೆ ಹತ್ತಲು ಶುರು ಮಾಡಿದೆವು. ಅರ್ಧ ದಾರಿಯಲ್ಲಿ ನೀರು ಮುಗಿಯಿತು. ನಮ್ಮ ಬಿಲ್ಡಿಂಗಿನ ಧಾರವಾಡದ ವೈನಿ ಬಿಳಿಚಿಕೊಂಡಿದ್ದರು. "ಬಂದೇಬಿಟ್ಟಿತು, ಇನ್ನು ಹತ್ತೇ ನಿಮಿಷ" ಎಂದು ನಾನು ಮುಂದೆ ನಡೆದೆ. ಸ್ವಲ್ಪ ಹೊತ್ತಿಗೆ ಅವರು ಕಣ್ಣು ಕತ್ತಲಿಟ್ಟು ಕುಸಿದು ಕುಳಿತರು. ಇಳಿದು ಬರುತ್ತಿದ್ದ ಕಾಲೇಜು ಹುಡುಗರು ತಮ್ಮ ಉಪ್ಪು-ಸಕ್ಕರೆ ನೀರು ಕುಡಿಸಿ, ಕೈಹಿಡಿದು ಕೆಳಗಿಳಿಸಿದರು. ರೈಲಿನಲ್ಲಿ ವೈನಿ ಮೆಲ್ಲಗೆ ಹೇಳಿದರು: "ನಿಮಗ ಬ್ಯಾಸರ ಆಗಬಾರದು ಅಂತ ನಡದೆ, ನೋಡ್ರಿ." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸ್ವಾವಲಂಬನೆ ಎಂದರೆ ಯಾರ ಸಹಾಯವೂ ಬೇಡ ಎನ್ನುವ ಹಟವಲ್ಲ, ನಮ್ಮ ಭಾರ ಇನ್ನೊಬ್ಬರ ಮೇಲೆ ಬೀಳದಂತೆ ಮೊದಲೇ ಯೋಚಿಸುವುದು ಎಂದು ಅಂದು ತಿಳಿಯಿತು. ಮುಂದಿನ ಡಿಸೆಂಬರಿಗೆ ನೋಟುಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡೆ. ನಸುಕಿನ ಲೋಕಲಿನಲ್ಲಿ ಠಾಣೆ, ಅಲ್ಲಿಂದ ಪನವೇಲ್ ಗಾಡಿ, ಮುಂದೆ ಪೇಣ್ ಕಡೆಯ ಎಸ್.ಟಿ. ಬಸ್ಸು. ತಲಾ ಮೂರು ಲೀಟರ್ ನೀರು, ಉಪ್ಪು-ಸಕ್ಕರೆ, ಸ್ಟೀಲ್ ಡಬ್ಬಿಯಲ್ಲಿ ಚಪಾತಿ, ಚಟ್ನಿಪುಡಿ. ಒಯ್ದ ಪ್ಲಾಸ್ಟಿಕ್ಕೆಲ್ಲ ಮರಳಿ ಮನೆಗೆ. ಕೋಟೆಯ ದಾರಿ ತೆರೆದಿದೆಯೇ ಎಂದು ಗೇಟಿನಲ್ಲೇ ವಿಚಾರಿಸುವುದು. ಕಂಬದ ಮೇಲೆ ಹೆಜ್ಜೇನು ಕಟ್ಟುವುದರಿಂದ ಸೆಂಟು, ಗದ್ದಲ, ಹೊಗೆ ಬೇಡ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರೇ ಮುಂದೆ. ಹನ್ನೊಂದಕ್ಕೆ ಎಲ್ಲಿದ್ದರೂ ಅಲ್ಲಿಂದಲೇ ವಾಪಸು.

ಈ ಸಲ ವೈನಿಯೇ ಮುಂದಿದ್ದರು. ಹಕ್ಕಿ ನೋಡುತ್ತ, ಕೂತು ಏಳುತ್ತ ಹೋದೆವು. ಕಂಬ ಎದುರಿಗೇ ಕಾಣುತ್ತಿದ್ದಾಗ ಹನ್ನೊಂದಾಯಿತು. ವೈನಿ ತಿರುಗಿ ನನ್ನ ಮುಖ ನೋಡಿದರು. "ಇಳಿಯೋಣ" ಎಂದೆ. ಕೆಳಗೆ ನೆರಳಿನಲ್ಲಿ ಉಣ್ಣುವಾಗ ಉದ್ದ ಬಾಲದ ಭೀಮರಾಜ ಹಕ್ಕಿಯೊಂದು ಬಂದು ಕುಳಿತು, ನಾವು ಡಬ್ಬಿ ಮುಚ್ಚುವವರೆಗೂ ಹಾರಲಿಲ್ಲ.

ಆ ಕಂಬದ ಬುಡವನ್ನು ನಾನಿನ್ನೂ ಮುಟ್ಟಿಲ್ಲ. ನೀವು ಹೋಗಿಬನ್ನಿ. ಗಡಿಯಾರ ಮರೆಯಬೇಡಿ. ಬಂದಮೇಲೆ ಹೇಗಿತ್ತೆಂದು ಈ ಪತ್ರಿಕೆಗೆ, ತಪ್ಪಾದರೂ ಚಿಂತೆಯಿಲ್ಲ, ಕನ್ನಡದಲ್ಲೇ ಬರೆಯಿರಿ.